ಹಗಲಿಗೊಂದು ಮನೆ

ವಿಜೇತಾ ಮಂಗಳೂರಿನಲ್ಲಿ ಕಂಕನಾಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತಾಳೆ. ಗಂಡ ರೋಹಿತ್ ಪಡೀಲಿನ ಒಂದು ಕಾರು ಸರ್ವೀಸ್ ಸೆಂಟರಿನಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರ್ ನೋಡಿಕೊಳ್ಳುತ್ತಾನೆ. ಮಗ ಮನ್ವಿತ್‌ಗೆ ಮೂರು ವರ್ಷ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುವವರು ವಿಜೇತಾಳ ತಾಯಿ ರಾಜೀವಿ. ತಾಯಿ ಮಗಳ ಮನೆಯಲ್ಲಿ ಇರುವುದು ತುಳುವರಲ್ಲಿ ಹೊಸತೇನೂ ಅಲ್ಲ, ಅದರಲ್ಲಿ ಯಾರಿಗೂ ಸಂಕೋಚವಿರಲಿಲ್ಲ.

ರಾಜೀವಿಯಮ್ಮ ವಾಮದಪದವಿನವರು. ಪೇಟೆಯಿಂದ ಗುಡ್ಡ ಹತ್ತಿ ಹೋದರೆ ಸಿಗುವ ಒಂಟಿ ಮನೆಯಲ್ಲಿ ಬೀಡಿ ಕಟ್ಟಿಯೇ ಮಗಳನ್ನು ಓದಿಸಿದವರು. ಗಂಡ ತೀರಿಕೊಂಡಾಗ ವಿಜೇತಾ ಇನ್ನೂ ಒಂದನೇ ಕ್ಲಾಸಿನಲ್ಲಿದ್ದಳು. ಮಂಗಳೂರಿಗೆ ಬಂದ ಮೇಲೂ ಅವರು ಬೀಡಿ ಬಿಡಲಿಲ್ಲ. ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ ಮಡಿಲ ಮೇಲೆ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಮೊಮ್ಮಗನ ಮೇಲೆ ಒಂದು ಕಣ್ಣಿಟ್ಟು ಸುತ್ತುತ್ತಿದ್ದರು. "ಅತ್ತೆ, ಇನ್ನು ಸಾಕಲ್ಲ, ಆ ಧೂಳು ಎದೆಗೆ ಒಳ್ಳೆದಲ್ಲ" ಎಂದು ರೋಹಿತ್ ಎಷ್ಟೋ ಸಲ ಹೇಳಿದ್ದ. "ಆಯ್ತು ಮಗ, ನಿಲ್ಲಿಸುವ" ಎನ್ನುತ್ತಿದ್ದರು. ನಿಲ್ಲಿಸುತ್ತಿರಲಿಲ್ಲ.

ಬಾಡಿಗೆ ಮನೆಯ ಯಜಮಾನರ ಮಗನಿಗೆ ಮದುವೆ ಗೊತ್ತಾಯಿತು. ಮಳೆಗಾಲದ ಮೊದಲು ಮನೆ ಬಿಟ್ಟುಕೊಡಬೇಕು ಎಂದು ಅವರು ಬಹಳ ಸಂಕೋಚದಿಂದಲೇ ಹೇಳಿದರು. ಇನ್ನೊಂದು ಬಾಡಿಗೆ ಮನೆ ಹುಡುಕುವುದೋ, ಸ್ವಂತದ್ದೇ ಒಂದು ನೋಡುವುದೋ ಎಂದು ಗಂಡ ಹೆಂಡತಿ ಕೆಲವು ದಿನ ಮಾತಾಡಿಕೊಂಡರು. ಕೊನೆಗೆ ಸ್ವಂತದ್ದೇ ನೋಡುವುದೆಂದಾಯಿತು. ಮಂಗಳೂರಿನ ಒಳಗೆ ಕೈಗೆಟಕುವುದಿಲ್ಲ ಎಂಬುದು ಬ್ಯಾಂಕಿಗೆ ಹೋಗಿ ಬಂದ ದಿನವೇ ಗೊತ್ತಾಗಿತ್ತು. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ನೋಡಬೇಕು. ಎಷ್ಟು ದೂರ ಎಂಬುದೇ ಪ್ರಶ್ನೆ.

ಮೊದಲು ಬಂದದ್ದು ಬೆಳ್ತಂಗಡಿ ಕಡೆಯ ಮಾತು. ರೋಹಿತ್‌ನ ಸೋದರಮಾವ ಸುಧಾಕರ ಬಹಳ ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ, ಈಗ ಗುರುವಾಯನಕೆರೆಯ ಹತ್ತಿರ ಮನೆ ಮಾಡಿಕೊಂಡಿದ್ದರು. ಮಕ್ಕಳಿಲ್ಲದ ಅವರಿಗೆ ಅಳಿಯನೆಂದರೆ ಪ್ರಾಣ.

"ನನ್ನ ಮನೆಯ ಪಕ್ಕದಲ್ಲೇ ಜಾಗ ಕೊಡ್ತೇನೆ, ನೀನು ಮನೆ ಕಟ್ಟು ಮಾರಾಯ. ಬಸ್ಸು ಬೇಕಾದಷ್ಟು ಉಂಟು. ಜನ ಹೋಗಿ ಬರುವುದಿಲ್ಲವಾ?" ಎಂದರು ಸುಧಾಕರ ಮಾವ.

ಸುಮ್ಮನೆ ಸಿಗುವ ಜಾಗವನ್ನು ನೋಡದೆ ಬೇಡ ಎನ್ನುವುದು ಹೇಗೆ? ಒಂದು ವಾರ ಅಲ್ಲೇ ಇದ್ದು, ಅಲ್ಲಿಂದಲೇ ಕೆಲಸಕ್ಕೆ ಹೋಗಿ ನೋಡುವ ಎಂದು ವಿಜೇತಾ ಹೇಳಿದಳು. ಮಾವನ ಮನೆಗೆ ನಾಲ್ವರೂ ಹೋದರು. ಮಗು ಏಳುವ ಮೊದಲೇ ಇಬ್ಬರೂ ಹೊರಡಬೇಕಾಯಿತು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಡೆಗಳಲ್ಲೆಲ್ಲ ಬಸ್ಸು ತೆವಳುತ್ತಿತ್ತು. ವಿಜೇತಾಳಿಗೆ ದಾರಿ ನಡುವಿನ ಪೇಟೆ ಬಿ.ಸಿ. ರೋಡಿನವರೆಗೂ ಸೀಟು ಸಿಗಲಿಲ್ಲ. ಆಸ್ಪತ್ರೆ ತಲುಪುವಾಗ ಎಕ್ಸ್‌ರೇ ಕೋಣೆಯ ಎದುರು ಜನ ಗಲಾಟೆ ಮಾಡುತ್ತಿದ್ದರು, ಮೇಲಿನವರಿಂದ ಮಾತು ಕೇಳಬೇಕಾಯಿತು. ಸಂಜೆ ಅದೇ ದಾರಿಯಲ್ಲಿ ಹಿಂದೆ. ಮನೆಗೆ ಬರುವಾಗ ಮನ್ವಿತ್ ನಿದ್ದೆ ಹೋಗಿರುತ್ತಿದ್ದ. ಗುರುವಾರದ ಹೊತ್ತಿಗೆ ಮಗು, ಅಪ್ಪ ಅಮ್ಮ ಎಲ್ಲಿ ಎಂದು ಕೇಳುವುದನ್ನು ಬಿಟ್ಟು ಅಜ್ಜಿಯ ಸೆರಗು ಹಿಡಿದುಕೊಂಡೇ ಓಡಾಡತೊಡಗಿದ್ದ.

"ಮಾವ, ಇಲ್ಲಿ ಜಾಗ ಸಿಗ್ತದೆ, ಮಗ ಸಿಗುವುದಿಲ್ಲ" ಎಂದ ರೋಹಿತ್.

ಸುಧಾಕರ ಮಾವ ಇವರು ಹೊರಡುವಾಗ ಅಂಗಳದವರೆಗೂ ಬಂದು ಬ್ಯಾಗು ಎತ್ತಿ ಕೊಟ್ಟರು, ಮುಖ ಮಾತ್ರ ಬೇರೆ ಕಡೆ ಇತ್ತು. ಅವರ ಬೇಸರ ತಿಳಿಯಾಗಲು ಎರಡು ತಿಂಗಳು ಹಿಡಿಯಿತು.

ಎರಡನೆಯದು ಪಾಣೆಮಂಗಳೂರಿನ ಫ್ಲ್ಯಾಟು. ಹನೀಫಾ ಎಂಬ ಬ್ರೋಕರ್ ತೋರಿಸಿದ್ದು. ಪೇಟೆಗೆ ಅಂಟಿಕೊಂಡ ಹಾಗೆ ಇದ್ದ ಸಣ್ಣ ಕಟ್ಟಡ. ಲಿಫ್ಟ್ ಇಲ್ಲ, ಮನೆ ಎರಡನೇ ಮಾಳಿಗೆಯಲ್ಲಿ. ಎರಡು ಕೋಣೆ, ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ನೇತ್ರಾವತಿಯ ಒಂದು ತುಂಡು ಕಾಣುತ್ತಿತ್ತು.

"ನೆರೆ ಬಂದರೆ?" ಎಂದು ಕೇಳಿದಳು ವಿಜೇತಾ.

"ಕೆಳಗಿನ ಓಣಿಗೆ ಬರ್ತದೆ, ಸುಳ್ಳು ಹೇಳುವುದಿಲ್ಲ" ಎಂದರು ಹನೀಫಾ. "ಈ ಕಟ್ಟಡ ಎತ್ತರದಲ್ಲುಂಟು. ಬೇಕಾದರೆ ಇಲ್ಲಿಯವರ ಹತ್ರವೇ ಕೇಳಿ."

ರೋಹಿತ್‌ಗೆ ಮನೆ ಕೂಡಲೇ ಮೆಚ್ಚಿಗೆಯಾಯಿತು. ಸೇತುವೆ ದಾಟಿದರೆ ಬಿ.ಸಿ. ರೋಡು, ಅಲ್ಲಿಂದ ಮಂಗಳೂರಿಗೆ ಒಂದರ ಹಿಂದೆ ಒಂದು ಬಸ್ಸು. ಅವನ ಪಡೀಲೂ ಅವಳ ಕಂಕನಾಡಿಯೂ ಅದೇ ದಾರಿಯಲ್ಲಿ. ಆದರೆ ವಿಜೇತಾಳ ಕಣ್ಣು ಅಮ್ಮನ ಮೇಲಿತ್ತು. ಮೆಟ್ಟಿಲು ಹತ್ತಿ ಬಂದ ರಾಜೀವಿಯಮ್ಮ ಗೋಡೆಗೆ ಕೈಕೊಟ್ಟು ನಿಂತಿದ್ದರು. ಕಟ್ಟಡದ ಸೆಕ್ರೆಟರಿ ಎನ್ನುವವರು ಬಂದಾಗ ವಿಜೇತಾ, "ನಮ್ಮ ಅಮ್ಮ ಬೀಡಿ ಕಟ್ತಾರೆ, ಬಾಲ್ಕನಿಯಲ್ಲಿ ಕೂತರೆ ತೊಂದರೆ ಇಲ್ಲವಲ್ಲ?" ಎಂದು ಕೇಳಿದಳು. ಅವರು ತಲೆ ಕೆರೆದುಕೊಂಡರು. ಹೊಗೆಸೊಪ್ಪಿನ ವಾಸನೆಗೆ ಬೇರೆ ಮನೆಯವರು ಆಕ್ಷೇಪ ಮಾಡಬಹುದು, ಸಣ್ಣ ಮಕ್ಕಳಿದ್ದಾರೆ ಎಂದರು. ಕೆಟ್ಟದಾಗಿ ಹೇಳಲಿಲ್ಲ, ಆದರೂ ವಿಜೇತಾಳಿಗೆ ಚುಚ್ಚಿತು.

ಇಳಿದು ಬರುವಾಗ ತೀರಾ ಕೆಳಗಿನ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು, ರಾಜೀವಿಯಮ್ಮ ಬೆವರು ಒರೆಸಿಕೊಳ್ಳುವುದನ್ನು ನೋಡಿ, "ಅಕ್ಕ, ಸ್ವಲ್ಪ ಕೂತು ನೀರು ಕುಡಿದು ಹೋಗಿ" ಎಂದು ಕರೆದರು. ಅವರ ಹೆಸರು ಹಫ್ಸ. ಹೋಟೆಲುಗಳಿಗೆ, ಮದುವೆಗಳಿಗೆ ಪತ್ತಿರಿ ಮಾಡಿ ಕೊಡುವವರು. ಅಕ್ಕಿಹಿಟ್ಟಿನ ಆ ತೆಳ್ಳಗಿನ ರೊಟ್ಟಿ ಒಳಗೆ ಬೇಯುವ ವಾಸನೆ ಬಾಗಿಲವರೆಗೂ ಬರುತ್ತಿತ್ತು. ರೋಹಿತ್ ಹನೀಫಾರೊಡನೆ ಮಾತು ಮುಗಿಸಿ ಬರುವವರೆಗೆ ರಾಜೀವಿಯಮ್ಮ ಅಲ್ಲೇ ಕೂತಿದ್ದರು.

"ಹೇಗುಂಟು ಅಮ್ಮ ಮನೆ?" ಎಂದು ಬಸ್ಸಿನಲ್ಲಿ ಮಗಳು ಕೇಳಿದಳು.

"ಒಳ್ಳೆದುಂಟು."

ಆ ಮಾತನ್ನು ವಿಜೇತಾ ನಂಬಲಿಲ್ಲ. ಅಮ್ಮ ಬೆಳ್ತಂಗಡಿಯ ಜಾಗಕ್ಕೂ ಅದನ್ನೇ ಹೇಳಿದ್ದರು. ಆ ರಾತ್ರಿ ಗಂಡನ ಹತ್ತಿರ ಅಂದಳು: "ಅಮ್ಮ ಗಾಳಿ ಬೆಳಕಿನಲ್ಲಿ ಬದುಕಿದವರು ರೋಹಿತ್. ಅವರನ್ನು ಆ ಪೆಟ್ಟಿಗೆಯಲ್ಲಿ ಹಾಕಿದರೆ ಬಾಡಿ ಹೋಗ್ತಾರೆ. ಒಂದು ಅಂಗಳ ಬೇಕು. ಒಂದು ಬಾವಿ, ನಾಲ್ಕು ಗಿಡ." ರೋಹಿತ್ ಫ್ಲ್ಯಾಟಿನ ವಿಷಯ ಮತ್ತೆ ಎತ್ತಲಿಲ್ಲ.

ಹಾಗೆ ಮೂರನೆಯದಾಗಿ ಮೂಡುಬಿದಿರೆಯ ಹತ್ತಿರದ ಪುತ್ತಿಗೆಗೆ ಹೋದರು. ಮುಂಡಪ್ಪ ಎಂಬ ಹಿರಿಯರ ಹೆಂಚಿನ ಮನೆ. ಅವರು ಕಾರ್ಕಳದಲ್ಲಿ ಮಗಳ ಮನೆಯ ಹತ್ತಿರ ಸಣ್ಣ ಜಾಗ ತೆಗೆದುಕೊಂಡಿದ್ದರು, ಇದನ್ನು ಮಾರುವ ಅಂದಾಜಿನಲ್ಲಿದ್ದರು. ಮನೆಯ ಎದುರು ಸೆಗಣಿ ಸಾರಿಸಿದ ಅಂಗಳ, ಮೂಲೆಯಲ್ಲೊಂದು ಚಿಕ್ಕು ಮರ, ಬಾವಿಯಲ್ಲಿ ಕೈಗೆಟಕುವ ಹಾಗೆ ನೀರು. ಮನ್ವಿತ್ ಇಳಿದವನೇ ಅಂಗಳದಲ್ಲಿ ಓಡತೊಡಗಿದ. ವಿಜೇತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಚಪ್ಪಲಿ ಕಳಚಿ, ಮಣ್ಣಿನ ಮೇಲೆ ಪಾದ ಇಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲವಾದದ್ದನ್ನು ರೋಹಿತ್ ನೋಡಿದ.

ದೂರವೇನೋ ಇತ್ತು. ಪುತ್ತಿಗೆಯಿಂದ ಮೂಡುಬಿದಿರೆ ಬಸ್ ಸ್ಟ್ಯಾಂಡಿಗೆ ಬರಬೇಕು, ಅಲ್ಲಿಂದ ಗುರುಪುರದ ದಾರಿಯಾಗಿ ಮಂಗಳೂರು, ಅಲ್ಲಿಳಿದು ಇನ್ನೊಂದು ಬಸ್ಸು. ಪಡೀಲಿಗಂತೂ ಸುತ್ತು ಬಳಸಿನ ದಾರಿ. "ಅಭ್ಯಾಸ ಆಗ್ತದೆ" ಎಂದ ರೋಹಿತ್. ಬೆಳ್ತಂಗಡಿಯಷ್ಟೇನೂ ಕಷ್ಟವಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು.

"ಹೇಗುಂಟು ಅಮ್ಮ?"

"ಒಳ್ಳೆದುಂಟು."

ಮುಂದಿನ ಭಾನುವಾರ ಬಂದು ಅಡ್ವಾನ್ಸ್ ಕೊಡುವುದೆಂದು ಮುಂಡಪ್ಪನವರಿಗೆ ಮಾತು ಕೊಟ್ಟರು. ಅವರು ಸಂತೋಷದಿಂದ ಒಂದು ಚೀಲ ತುಂಬ ಚಿಕ್ಕು ಕೊಟ್ಟು ಕಳಿಸಿದರು. ಆ ವಾರವಿಡೀ ಮನೆಯಲ್ಲಿ ಪುತ್ತಿಗೆಯದ್ದೇ ಮಾತು. ಎಲ್ಲಿ ಮಲ್ಲಿಗೆ ನೆಡುವುದು, ಜಗಲಿಯಲ್ಲಿ ಅಮ್ಮ ಬೀಡಿಗೆ ಎಲ್ಲಿ ಕೂರುವುದು ಎಂದೆಲ್ಲ ವಿಜೇತಾ ಹೇಳುತ್ತಿದ್ದಳು. ರಾಜೀವಿಯಮ್ಮ ತಲೆ ಬಗ್ಗಿಸಿ ಬೀಡಿ ಸುತ್ತುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿಜೇತಾ ಎಂದಿನಂತೆ ಮನೆಗೆ ಫೋನು ಮಾಡಿದಳು. ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆಯೂ ಇಲ್ಲ. ಮನೆ ಯಜಮಾನರ ಹೆಂಡತಿಗೆ ಮಾಡಿದಾಗ ಅವರು ನೋಡಿ ಬಂದು, "ಬೀಗ ಹಾಕಿ ಉಂಟಲ್ಲ" ಎಂದರು. ವಿಜೇತಾ ಊಟದ ಡಬ್ಬಿ ಮುಚ್ಚಿಟ್ಟಳು. ರೋಹಿತ್‌ಗೆ ಹೇಳಿದಳು. ಅವನು ಯಾರದೋ ಬೈಕ್ ತೆಗೆದುಕೊಂಡು ಮನೆಗೆ ಓಡಿದ. ಅಮ್ಮನ ಮೊಬೈಲು ಚಾರ್ಜಿಗೆ ಹಾಕಿದಲ್ಲೇ ಇತ್ತು. ಗೆರಸೆಯ ಮೇಲೆ ಬಟ್ಟೆ ಮುಚ್ಚಿತ್ತು. ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗಿ ಕೇಳಿದ, ಅಲ್ಲಿಗೆ ಬಂದಿರಲಿಲ್ಲ. ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬ, "ನಿಮ್ಮ ಅತ್ತೆಯಲ್ವಾ? ಬೆಳಿಗ್ಗೆ ಮಗುವನ್ನು ಕರ್ಕೊಂಡು ಪುತ್ತೂರು ಬಸ್ಸು ಹತ್ತಿದ್ರು" ಎಂದ.

ಪುತ್ತೂರಿನಲ್ಲಿ ಅವರಿಗೆ ಯಾರೂ ಇಲ್ಲ. ವಿಜೇತಾ ವಾಮದಪದವಿನ ಒಂದಿಬ್ಬರು ಹಳೆಯ ನೆರೆಯವರಿಗೆ ಫೋನು ಮಾಡಿದಳು. ಯಾರೂ ನೋಡಿಲ್ಲ. ಮೇಲಿನವರಿಗೆ ಹೇಳಿ ಆಸ್ಪತ್ರೆಯಿಂದ ಹೊರಗೆ ಬಂದು, ಯಾವ ಕಡೆ ಹೋಗುವುದೆಂದು ತಿಳಿಯದೆ ರಸ್ತೆಯ ಬದಿಯಲ್ಲಿ ನಿಂತಿದ್ದಾಗ ಮೊಬೈಲು ಬಡಿಯಿತು. ಬ್ರೋಕರ್ ಹನೀಫಾ.

"ಮೇಡಂ, ನಿಮ್ಮ ಅಮ್ಮ ಇಲ್ಲಿ ಪಾಣೆಮಂಗಳೂರಿನಲ್ಲಿ ಇದ್ದಾರಲ್ಲ, ಹಫ್ಸಕ್ಕನ ಮನೆಯಲ್ಲಿ. ನಿಮಗೆ ಗೊತ್ತುಂಟಾ ಅಂತ ಒಂದು ಡೌಟು ಬಂತು, ಹಾಗೆ ಮಾಡಿದೆ."

ರೋಹಿತ್ ಬಂದು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡ. ಪುತ್ತೂರು ಬಸ್ಸು ಹೋಗುವುದು ಪಾಣೆಮಂಗಳೂರಿನ ಮೇಲೆಯೇ.

ಹಫ್ಸರ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮೂವರು ಹೆಂಗಸರು ನೆಲದ ಮೇಲೆ ಕೂತಿದ್ದರು. ನಾಲ್ಕನೆಯವರು ರಾಜೀವಿಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಲಟ್ಟಿಸುತ್ತಾ, ಏನನ್ನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದರು. ಮನ್ವಿತ್ ಮೈತುಂಬ ಅಕ್ಕಿಹಿಟ್ಟು ಮೆತ್ತಿಕೊಂಡು ಆ ಮನೆಯ ಮಗುವಿನ ಜೊತೆ ಮೂಲೆಯಲ್ಲಿ ಆಡುತ್ತಿದ್ದ. ಅಮ್ಮ ಹಾಗೆ ನಕ್ಕದ್ದನ್ನು ತಾನು ಯಾವಾಗ ಕೇಳಿದ್ದೆ ಎಂದು ವಿಜೇತಾಳಿಗೆ ನೆನಪಾಗಲಿಲ್ಲ. ಆದರೆ ಆಗ ಅವಳ ಬಾಯಿಂದ ಬಂದದ್ದು ಬೈಗುಳವೇ.

"ಬುದ್ಧಿ ಉಂಟಾ ಅಮ್ಮ ನಿಮಗೆ? ಫೋನು ಬಿಟ್ಟು, ಹೇಳದೆ ಕೇಳದೆ, ಮಗುವನ್ನು ಕರ್ಕೊಂಡು... ನಾನು ಸತ್ತೇ ಹೋಗ್ತಿದ್ದೆ!" ಅಷ್ಟು ಹೇಳಿ ಅಲ್ಲೇ ಅತ್ತುಬಿಟ್ಟಳು.

ಹೆಂಗಸರು ಕೈ ನಿಲ್ಲಿಸಿದರು. ಹಫ್ಸ ಎದ್ದು ಅವಳಿಗೆ ಕುರ್ಚಿ ಕೊಟ್ಟರು. "ಬೈಬೇಡ ಮಗಳೇ. ನಾನೂ ಕೇಳಿದೆ, ಮನೆಯಲ್ಲಿ ಹೇಳಿ ಬಂದಿದ್ದೀರಾ ಅಂತ. ಹೌದು ಅಂದ್ರು. ಮತ್ತೆ ನನಗೇ ಸರಿ ಕಾಣ್ಲಿಲ್ಲ, ಹನೀಫನಿಗೆ ಹೇಳಿದೆ" ಎಂದರು.

ರಾಜೀವಿಯಮ್ಮ ಕೈಯ ಹಿಟ್ಟು ಉದುರಿಸಿಕೊಂಡು ಮಗಳ ಹತ್ತಿರ ಬಂದು ಕೂತರು.

"ಫೋನು ಮರೆತದ್ದು ತಪ್ಪು. ಸಂಜೆ ನೀವು ಬರುವ ಮೊದಲು ಮನೆಗೆ ಮುಟ್ಟುವ ಅಂತ ಇತ್ತು."

"ಆದರೆ ಇಲ್ಲಿಗೆ ಯಾಕೆ ಬಂದ್ರಿ?"

"ಭಾನುವಾರ ನೀವು ಅಡ್ವಾನ್ಸ್ ಕೊಡ್ತೀರಲ್ಲ. ಅದಕ್ಕೆ ಮೊದಲು ಒಮ್ಮೆ ನೋಡುವ ಅಂತ. ಆವತ್ತು ನೀವು ನಲ್ಲಿ ನೋಡಿದ್ರಿ, ಗೋಡೆ ನೋಡಿದ್ರಿ. ನನಗೆ ಇಲ್ಲಿ ಹಗಲು ಹೇಗೆ ಅಂತ ನೋಡ್ಬೇಕಿತ್ತು. ನಿಮಗೆ ಅದು ಬೆಳಿಗ್ಗೆ ಬಿಟ್ಟು ರಾತ್ರಿ ಬರುವ ಮನೆ. ಇಡೀ ದಿವಸ ಇರುವುದು ನಾನು ಮತ್ತು ಈ ಮಗು."

"ಅದಕ್ಕೇ ಅಲ್ವಾ ಅಮ್ಮ ಪುತ್ತಿಗೆ ನೋಡಿದ್ದು? ಅಂಗಳ, ಬಾವಿ..."

"ನನಗೆ ಅಂಗಳ ಯಾಕೆ ಮಗಾ? ಗುಡಿಸಿ ಗುಡಿಸಿ ಸಾಕಾಗಿದೆ. ವಾಮದಪದವಿನಲ್ಲಿ ಅಂಗಳ ಇರ್ಲಿಲ್ಲವಾ? ನೀನು ಹಾಸ್ಟೆಲಿಗೆ ಹೋದ ಮೇಲೆ ಆ ಗುಡ್ಡದ ಮನೆಯಲ್ಲಿ ಕೆಲವು ದಿನ ನನ್ನ ಸ್ವರ ನಾನೇ ಕೇಳ್ತಿರ್ಲಿಲ್ಲ. ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋದ ದಿನ ಮಾತ್ರ ನಾಲ್ಕು ಜನರ ಹತ್ರ ಮಾತು. ಮಂಗಳೂರಿಗೆ ಬಂದ ಮೇಲೂ ಬೀಡಿ ಬಿಡದ್ದು ಅದಕ್ಕೇ, ಹಣಕ್ಕಲ್ಲ. ಅಲ್ಲಿಯೂ ಒಂದು ಬ್ರಾಂಚು ಉಂಟಲ್ಲ. ಹೋದರೆ, ಏನು ರಾಜೀವಿ ಅಂತ ಕೇಳ್ಲಿಕ್ಕೆ ಯಾರಾದರೂ ಇರ್ತಾರೆ."

ಒಲೆಯ ಮೇಲಿನ ಕಾವಲಿ ಕಾಯುತ್ತಿತ್ತು.

"ಇಲ್ಲಿ ಬೆಳಿಗ್ಗೆ ಕಿಟಕಿಯಲ್ಲಿ ನೋಡಿದೆ. ಮೀನಿನವರು ಬರ್ತಾರೆ, ಶಾಲೆ ಮಕ್ಕಳು ಹೋಗ್ತಾರೆ, ಅಂಗಡಿಯಲ್ಲಿ ಜಗಳ ಆಗ್ತದೆ. ಮೆಟ್ಟಿಲು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಇಳಿದರೆ ಜನ ಉಂಟು."

"ಮೊದಲೇ ಹೇಳ್ಬಹುದಿತ್ತಲ್ಲ?"

"ನೀನು ಆ ಕಲ್ಲಿನ ಮೇಲೆ ಕೂತು ಅಷ್ಟು ಖುಷಿಯಲ್ಲಿದ್ದಿ. ನಿನ್ನ ಮನೆ, ನಿನ್ನ ದುಡ್ಡು. ನಾನು ಹೇಗೆ ಹೇಳುವುದು?"

ಅಷ್ಟರವರೆಗೆ ಬಾಗಿಲಲ್ಲಿ ನಿಂತಿದ್ದ ರೋಹಿತ್ ಗಂಟಲು ಸರಿಮಾಡಿಕೊಂಡ. "ನಿಜ ಹೇಳ್ಬೇಕಾದರೆ ನನಗೂ ಇದೇ ಇಷ್ಟ ಇತ್ತು. ಪುತ್ತಿಗೆಯಿಂದ ಪಡೀಲಿಗೆ ದಿನಾ ಹೋಗಿ ಬರುವುದು ಅಂದರೆ... ಅತ್ತೆಗೆ ಬೇಕು ಅಂತ ಸುಮ್ಮನಿದ್ದೆ."

ವಿಜೇತಾ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಅಮ್ಮನ ಮುಖ. ಹಾಗಾದರೆ ಅಂಗಳ ಬೇಕಾಗಿದ್ದದ್ದು ಯಾರಿಗೆ? ಕಿಟಕಿಯಿಲ್ಲದ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ನಿಂತು, ಹೊರಗೆ ಮಳೆಯೋ ಬಿಸಿಲೋ ಗೊತ್ತಾಗದೆ ಕಳೆಯುತ್ತಿದ್ದವಳು ತಾನು. ಗಾಳಿ ಬೆಳಕಿನ ಆಸೆ ತನ್ನದು. ಅದನ್ನು ಅಮ್ಮನ ಹೆಸರಿಗೆ ಬರೆದಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಅಳುತ್ತಿದ್ದವಳಿಗೆ ನಗು ಬಂತು. ಹಫ್ಸ ಎಲ್ಲರಿಗೂ ಬಿಸಿ ಪತ್ತಿರಿ, ಕೋಳಿ ಸಾರು ತಂದಿಟ್ಟರು. ಮಧ್ಯಾಹ್ನದ ಊಟ ಯಾರದ್ದೂ ಆಗಿರಲಿಲ್ಲ.

ಮುಂಡಪ್ಪನವರಿಗೆ ಫೋನಿನಲ್ಲಿ ಹೇಳುವ ಎಂದು ರೋಹಿತ್ ಅಂದಾಗ ರಾಜೀವಿಯಮ್ಮ ಒಪ್ಪಲಿಲ್ಲ. "ಮಾತು ಕೊಟ್ಟದ್ದು ಅವರ ಜಗಲಿಯಲ್ಲಿ ಕೂತು. ಹೋಗಿಯೇ ಹೇಳ್ಬೇಕು. ನಾನೇ ಹೇಳ್ತೇನೆ" ಎಂದರು. ಭಾನುವಾರ ಎಲ್ಲರೂ ಪುತ್ತಿಗೆಗೆ ಹೋದರು. ಮುಂಡಪ್ಪನವರು ಮನೆಯ ಕಾಗದಪತ್ರಗಳನ್ನೆಲ್ಲ ಟೀಪಾಯಿಯ ಮೇಲೆ ತೆಗೆದಿಟ್ಟು, ಇಸ್ತ್ರಿ ಹಾಕಿದ ಶರ್ಟು ತೊಟ್ಟು ಕಾಯುತ್ತಿದ್ದರು. ರಾಜೀವಿಯಮ್ಮ ಕೈಮುಗಿದು ಎಲ್ಲವನ್ನೂ ಹೇಳಿದರು. ಮುಂಡಪ್ಪನವರ ಮುಖ ಸಪ್ಪೆಯಾಯಿತು. ಸ್ವಲ್ಪ ಸಿಟ್ಟೂ ಬಂದಿರಬೇಕು, ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ. ಆಮೇಲೆ ಬಂದು, "ಕಾರ್ಕಳದಲ್ಲಿ ನಾನು ತೆಗೊಂಡದ್ದೂ ಮಾರ್ಕೆಟಿನ ಹತ್ರವೇ. ನಿಮಗೆ ಮಾತ್ರ ಪೇಟೆ ಬೇಡ ಅಂತ ನಾನು ಹೇಗೆ ಹೇಳ್ಲಿ?" ಎಂದರು. ಆ ಮನೆಯನ್ನು ಮಳೆಗಾಲದ ನಂತರ ಮೂಡುಬಿದಿರೆಯ ಒಬ್ಬರು ಮೇಷ್ಟ್ರು ಕೊಂಡರು ಎಂದು ಗೊತ್ತಾದ ಮೇಲೆಯೇ ವಿಜೇತಾಳಿಗೆ ಸಮಾಧಾನವಾದದ್ದು.

ಫ್ಲ್ಯಾಟಿನ ರಿಜಿಸ್ಟ್ರೇಶನ್ ಮುಗಿದು, ಮಳೆ ಹಿಡಿಯುವ ಮೊದಲೇ ಹಾಲು ಉಕ್ಕಿಸಿದರು. ಬೆಳಿಗ್ಗೆ ಸುಧಾಕರ ಮಾವ ಬಂದು, ಇಡೀ ಮನೆ ತಿರುಗಿ ನೋಡಿ, "ಅಡುಗೆಮನೆ ಸಣ್ಣದಾಯಿತು" ಎಂದು ಹೇಳಿ, ಅದೇ ಅಡುಗೆಮನೆಗೆ ಒಂದು ದೊಡ್ಡ ಗ್ರೈಂಡರ್ ಕೊಟ್ಟು ಹೋದರು.

ಎಲ್ಲವೂ ಸುಖವೇ ಎಂದೇನಲ್ಲ. ಪಶ್ಚಿಮದ ಗೋಡೆ ಬೇಸಗೆಯಲ್ಲಿ ಕಾದ ಕಾವಲಿಯ ಹಾಗೆ ಆಗುತ್ತದೆ. ಮೊದಲ ಮಳೆಗೆ ಬಾತ್‌ರೂಮಿನ ಮೇಲೆ ನೀರು ಜಿನುಗಿತು. ನದಿ ತುಂಬಿ ಕೆಳಗಿನ ಓಣಿಗೆ ನೀರು ಬಂದ ದಿನ ರೋಹಿತ್ ಇಡೀ ಹೊತ್ತು ಬಾಲ್ಕನಿಯಲ್ಲೇ ನಿಂತಿದ್ದ. ಕಟ್ಟಡದ ಮೆಟ್ಟಿಲಿಗೆ ಅದು ಮುಟ್ಟಲಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ಬರುವಾಗಲೆಲ್ಲ ಅವನು ಲಿಫ್ಟಿಲ್ಲದ ಕಟ್ಟಡ ಕಟ್ಟಿದವರಿಗೆ ಬೈಯುತ್ತಾನೆ. ಆದರೆ ಸಂಜೆ ಇಬ್ಬರೂ ಬರುವಾಗ ಮನ್ವಿತ್ ಎಚ್ಚರವಾಗಿರುತ್ತಾನೆ.

ರಾಜೀವಿಯಮ್ಮ ಬೀಡಿ ನಿಲ್ಲಿಸಿದರು. ಯಾರೂ ಹೇಳಿ ಅಲ್ಲ, ಹೊತ್ತು ಸಿಗದೆ. ಮೊಮ್ಮಗನನ್ನು ಅಂಗನವಾಡಿಗೆ ಬಿಟ್ಟು ಬಂದು ಹಫ್ಸರ ಮನೆಯಲ್ಲಿ ಪತ್ತಿರಿ ಲಟ್ಟಿಸಲು ಕೂರುತ್ತಾರೆ. ಮದುವೆ ಸೀಸನಿನಲ್ಲಿ ಮಗಳಿಗಿಂತ ಅವರಿಗೇ ಹೆಚ್ಚು ಗಡಿಬಿಡಿ. ಸೊಂಟ ನೋವು ಮೊದಲೂ ಇತ್ತು, ಈಗಲೂ ಉಂಟು.

ಕಳೆದ ಡಿಸೆಂಬರಿನಲ್ಲಿ ರಾಜೀವಿಯಮ್ಮ ಕಟ್ಟಡದ ಕೆಲವು ಹೆಂಗಸರ ಜೊತೆ ಒಂದು ವ್ಯಾನು ಮಾಡಿಕೊಂಡು ಮಲ್ಪೆ ಬೀಚಿಗೆ ಹೋದರು. ರೋಹಿತ್ ಮಗನನ್ನು ಕರೆದುಕೊಂಡು ಮಾವನ ಮನೆಗೆ ಹೋಗಿದ್ದ. ಶೀತವಾಗಿ ರಜೆ ಹಾಕಿದ್ದ ವಿಜೇತಾ ಮನೆಯಲ್ಲಿ ಒಬ್ಬಳೇ. ಆ ಮನೆಯ ಹಗಲನ್ನು ಅವಳು ಹಾಗೆ ಒಬ್ಬಳೇ ಕಂಡದ್ದು ಅದೇ ಮೊದಲು. ಚಾ ಮಾಡುವ ಎಂದು ಅಡುಗೆಮನೆಗೆ ಹೋದರೆ ಚಾಪುಡಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಒಂದೊಂದೇ ಡಬ್ಬಿ ತೆಗೆದು ನೋಡಿ, ಸೋತು ಅಮ್ಮನಿಗೆ ಫೋನು ಮಾಡಿದಳು. ಆ ಕಡೆಯಿಂದ ಗಾಳಿಯ ಸದ್ದು, ಯಾರೋ ಕೂಗುವುದು.

"ಮೇಲಿನ ಕಪಾಟು, ಕೆಂಪು ಮುಚ್ಚಳ! ಹಾಲು ಮನೆಯಲ್ಲಿ ಇಲ್ಲ, ಕೆಳಗಿನ ಮಾಳಿಗೆಯ ಸಬೀಹಾಳ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಹೋಗಿ ಕೇಳು!" ಎಂದು ರಾಜೀವಿಯಮ್ಮ ಗಟ್ಟಿಯಾಗಿ ಹೇಳಿ ಫೋನು ಇಟ್ಟರು.

ವಿಜೇತಾ ಪಾತ್ರೆ ಹಿಡಿದು ಮೆಟ್ಟಿಲಿಳಿದು ಮೊದಲ ಮಾಳಿಗೆಯ ಬೆಲ್ಲು ಒತ್ತಿದಳು. ಮಗುವನ್ನು ಎತ್ತಿಕೊಂಡ ಒಬ್ಬಳು ತರುಣಿ ಬಾಗಿಲು ತೆರೆದು, ಗುರುತು ಸಿಗದೆ ಇವಳನ್ನೇ ನೋಡಿದಳು.

"ಯಾರು ಬೇಕಿತ್ತು?"

"ನಾನು ರಾಜೀವಿಯಮ್ಮನ ಮಗಳು. ಮೇಲಿನ ಮನೆ."

"ಓ, ಆಸ್ಪತ್ರೆಯಲ್ಲಿ ಇರುವವರಲ್ವಾ? ನಿಮ್ಮ ವಿಷಯ ದಿನಾ ಕೇಳ್ತೇವೆ, ನೋಡಿದ್ದು ಇವತ್ತೇ" ಎಂದು ಸಬೀಹಾ ನಕ್ಕಳು. "ಹೊರಗೆ ಯಾಕೆ ನಿಂತದ್ದು, ಬನ್ನಿ. ಚಾ ಇಲ್ಲೇ ಮಾಡುವ."